ನಿಂತ ಕಾರಿಗೂ ವಿಮೆ ಬೇಕೆ?

ಸೋದರಿಯರೇ, ಕಳೆದ ಸಲ ಉಪ್ಪಿನಕಾಯಿಗೆ ಬೂಷ್ಟು ಹಿಡಿಯದಂತೆ ನೋಡಿಕೊಳ್ಳುವುದು ಹೇಗೆಂದು ಬರೆದಿದ್ದೆ. ಈ ಸಲ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಹೇಳಿಕೊಳ್ಳಲು ನಾಚಿಕೆಯೇ. ಆದರೂ ಓದಿದವರಲ್ಲಿ ಒಬ್ಬರಾದರೂ ಎಚ್ಚೆತ್ತುಕೊಂಡರೆ ಅಷ್ಟೇ ಸಾಕು.

ನಮ್ಮ ಮನೆಯಲ್ಲಿ ಒಂಬತ್ತು ವರ್ಷದ ಒಂದು ಸಣ್ಣ ಕಾರಿದೆ. ನಮ್ಮವರಿಗೆ ಹುಬ್ಬಳ್ಳಿಗೆ ವರ್ಗವಾದ ಮೇಲೆ ಅದು ಮೈಸೂರಿನ ಮನೆಯ ಗೇಟಿನೊಳಗೆ, ತೆಂಗಿನ ಮರದ ಪಕ್ಕ ಹೊದಿಕೆ ಹೊದ್ದು ಕೂತಿದೆ. ಅವರು ತಿಂಗಳಿಗೊಮ್ಮೆ ರೈಲಿನಲ್ಲಿ ಬಂದಾಗ ನಂಜನಗೂಡಿಗೋ, ಯಾರದಾದರೂ ಮದುವೆಗೋ ಹೋಗಿ ಬಂದರೆ ಉಂಟು. ವರ್ಷಕ್ಕೆಲ್ಲ ಸೇರಿ 1,400 ಕಿಲೋಮೀಟರೂ ಓಡಿರಲಿಲ್ಲ. ನಮ್ಮ ಅತ್ತೆಯವರು ಅದಕ್ಕೆ ‘ಮನೆ ಅಳಿಯ’ ಅಂತ ಹೆಸರಿಟ್ಟಿದ್ದಾರೆ. ಕೂತಲ್ಲೇ ಕೂತಿರುತ್ತೆ, ಖರ್ಚು ಮಾತ್ರ ತಪ್ಪೋದಿಲ್ಲ!

ವಿಮೆ ಕಟ್ಟುವ ತಾರೀಖು ಬಂತು. “ಓಡದ ಗಾಡಿಗೆ ಯಾಕ್ರೀ ವಿಮೆ? ಈ ದುಡ್ಡು ಮಗಳ ಫೀಸಿಗಾದರೂ ಆಗುತ್ತೆ. ಓಡಿಸೋ ಕಾಲಕ್ಕೆ ಕಟ್ಟೋಣ ಬಿಡಿ” ಅಂದೆ. ನಮ್ಮವರು ಎರಡು ಸಲ ಹೇಳಿ ಸುಮ್ಮನಾದರು. ಮನೆಯ ಲೆಕ್ಕ ನನ್ನ ಕೈಯಲ್ಲಿತ್ತು ನೋಡಿ, ಉಳಿತಾಯ ಮಾಡಿದೆನೆಂದು ಬೀಗಿದೆ. ಹಾಗೇ ನಾಲ್ಕು ತಿಂಗಳು ಕಳೆಯಿತು.

ಒಂದು ರಾತ್ರಿ ಎರಡೂವರೆಗೆ ಬಾಗಿಲು ಬಡಿದ ಸದ್ದು. ಎದುರುಮನೆಗೆ ಹೆರಿಗೆಗೆಂದು ಬಂದಿದ್ದ ಹುಡುಗಿಗೆ ನೋವು ಶುರುವಾಗಿತ್ತು. ಹೊರಗೆ ಜೋರು ಮಳೆ, ಒಂದು ಆಟೋ ಸಿಗಲಿಲ್ಲ. ನಾನು ಹಿಂದೆಮುಂದೆ ನೋಡದೆ ಕೀ ಕೊಟ್ಟೆ. ಆಕೆಯ ತಮ್ಮನಿಗೆ ಲೈಸೆನ್ಸ್ ಇತ್ತು, ಅವನೇ ಓಡಿಸಿದ. ದೇವರ ದಯೆ, ಬೆಳಗಾಗುವುದರೊಳಗೆ ಹೆಣ್ಣುಮಗು ಹುಟ್ಟಿತು, ತಾಯಿ ಮಗು ಕ್ಷೇಮ.

ಆ ಹುಡುಗ ವಾಪಸು ಬರುವಾಗ ನಮ್ಮ ಬೀದಿಯ ತಿರುವಿನಲ್ಲೇ ಹಾಲು ಹಾಕುವವರ ಸೈಕಲ್ಲಿಗೆ ಕಾರು ತಗುಲಿತು. ಅವರು ಬಿದ್ದರು, ಹಾಲೆಲ್ಲ ರಸ್ತೆ ಪಾಲು. ಕೂಡಲೇ ಆಸ್ಪತ್ರೆಗೆ ಕರೆದೊಯ್ದು ಎಕ್ಸ್‌ರೇ ತೆಗೆಸಿದೆವು. ಮೂಳೆ ಮುರಿದಿರಲಿಲ್ಲ, ಮಣಿಕಟ್ಟು ಉಳುಕಿತ್ತು. ಆಸ್ಪತ್ರೆಯ ಖರ್ಚು, ಸೈಕಲ್ ರಿಪೇರಿ, ಅವರು ಕೆಲಸಕ್ಕೆ ಹೋಗಲಾಗದ ದಿನಗಳ ದುಡ್ಡು, ಎಲ್ಲವನ್ನೂ ನಾವೇ ಕೊಟ್ಟೆವು. “ಬಿಡಿ ಅಕ್ಕಾ, ಜೀವಕ್ಕೇನೂ ಆಗಲಿಲ್ಲವಲ್ಲ” ಅಂದರು ಆ ಪುಣ್ಯಾತ್ಮ.

ನಮ್ಮವರಿಗೆ ಫೋನ್ ಮಾಡಿ ಅಳುತ್ತಾ ಹೇಳಿದೆ. ಅವರು ಬೈಯಲಿಲ್ಲ. “ಅವರ ಸೊಂಟ ಮುರಿದಿದ್ದರೆ ಈ ಮನೆ ಉಳೀತಿತ್ತೇನೇ?” ಅಂದರು ಅಷ್ಟೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಕೂತು ವಿಚಾರಿಸಿ ತಿಳಿದುಕೊಂಡೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು ಅನ್ನಿ. ನಿಮಗಾದರೂ ಮೊದಲೇ ತಿಳಿದಿರಲಿ.

ಕಾರಿನ ವಿಮೆಯಲ್ಲಿ ಮುಖ್ಯವಾಗಿ ಎರಡು ಭಾಗ. ಒಂದು, ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ. ಇದಕ್ಕೆ ಥರ್ಡ್ ಪಾರ್ಟಿ ಅನ್ನುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಇದು ಕಡ್ಡಾಯ. ವರ್ಷಕ್ಕೆ ಒಂದೇ ದಿನ ರಸ್ತೆಗಿಳಿದರೂ ಬೇಕೇ ಬೇಕು. ಇಲ್ಲದೆ ಸಿಕ್ಕಿಬಿದ್ದರೆ, 2019ರ ತಿದ್ದುಪಡಿಯಂತೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ ದಂಡ 4,000.

ದಂಡವೇನು ದೊಡ್ಡದಲ್ಲ. ಯಾರಿಗಾದರೂ ಪೆಟ್ಟಾದರೆ, ಸಾವಾದರೆ ನ್ಯಾಯಮಂಡಳಿ ಹೇಳುವ ಪರಿಹಾರವಿದೆಯಲ್ಲ, ಅದು ದೊಡ್ಡದು. ವಿಮೆ ಇಲ್ಲದಿದ್ದರೆ ಅದು ಗಾಡಿಯ ಯಜಮಾನರ ತಲೆಯ ಮೇಲೆಯೇ ಬರುತ್ತದೆ. ಓಡಿಸಿದವರು ಬೇರೆಯವರಾಗಿದ್ದರೂ ತಪ್ಪಿಸಿಕೊಳ್ಳುವ ಹಾಗಿಲ್ಲ.

ಇದಕ್ಕೆ ಕಟ್ಟುವ ಹಣವನ್ನು ಕಂಪನಿಗಳು ಮನಸ್ಸಿಗೆ ಬಂದಂತೆ ಹಾಕುವಂತಿಲ್ಲ, ಸರ್ಕಾರವೇ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಲ್ಲಿ 1,000 ಸಿಸಿವರೆಗಿನ ಸ್ವಂತ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1,500 ಸಿಸಿವರೆಗೆ 3,416, ಅದಕ್ಕೂ ಮೇಲಾದರೆ 7,897. ತೆರಿಗೆ ಬೇರೆ. ಕಾರು ಕಡಿಮೆ ಓಡಿತೆಂದು ಇದರಲ್ಲಿ ರಿಯಾಯಿತಿ ಇಲ್ಲ.

ಎರಡನೆಯದು ನಮ್ಮ ಕಾರಿಗೇ ಆಗುವ ನಷ್ಟಕ್ಕೆ. ಇದು ಕಡ್ಡಾಯವಲ್ಲ. ಆದರೆ ನಿಂತ ಕಾರಿಗೆ ಕಷ್ಟ ಬರೋದಿಲ್ಲವೇ? ಕಳ್ಳತನ, ಬೆಂಕಿ, ನೆರೆ, ಮರ ಬೀಳುವುದು, ಇವೆಲ್ಲ ನಿಂತ ಕಾರಿಗೂ ಬರುವಂಥವೇ. ನಮ್ಮ ತೆಂಗಿನ ಮರದ ಗರಿ ಬಿದ್ದ ದಿನವೆಲ್ಲ ನನಗೀಗ ಎದೆ ಧಸಕ್ಕೆನ್ನುತ್ತೆ. ಆದರೆ ನಿಂತೂ ನಿಂತೂ ಬ್ಯಾಟರಿ ಸತ್ತರೆ, ಟೈರು ಹಾಳಾದರೆ ವಿಮೆ ಕೊಡುವುದಿಲ್ಲ. ಅದು ಸವಕಲು ಲೆಕ್ಕ.

ಕಡಿಮೆ ಓಡುವ ಕಾರಿನವರು ಗಮನಿಸಬೇಕಾದ ಮಾತುಗಳಿವು:

1. ಓಡಿದಷ್ಟಕ್ಕೆ ಕಟ್ಟುವ ವಿಮೆಗೆ 2022ರ ಜುಲೈನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಒಪ್ಪಿಗೆ ಕೊಟ್ಟಿತು. ವರ್ಷಕ್ಕೆ ಇಷ್ಟು ಕಿಲೋಮೀಟರ್ ಎಂದು ಮೊದಲೇ ಹೇಳಿದರೆ ಎರಡನೆಯ ಭಾಗದ ಹಣ ಕಡಿಮೆಯಾಗುತ್ತದೆ. ಹೇಳಿದ್ದಕ್ಕಿಂತ ಹೆಚ್ಚು ಓಡಿದರೆ ಏನು ಮಾಡುತ್ತಾರೆ ಎಂದು ಸಹಿ ಮಾಡುವ ಮುಂಚೆಯೇ ಕೇಳಿ.

2. ಪರಿಹಾರ ಕೇಳದೆ ಕಳೆದ ವರ್ಷಗಳಿಗೆ ಬೋನಸ್ ಇದೆ. ಮೊದಲ ವರ್ಷ ನೂರಕ್ಕೆ 20, ಐದು ವರ್ಷವಾದರೆ 50 ರಿಯಾಯಿತಿ. ಆದರೆ ಅವಧಿ ಮುಗಿದು 90 ದಿನದೊಳಗೆ ಕಟ್ಟದಿದ್ದರೆ ಅದೆಲ್ಲ ಹೋಯಿತು. ಎರಡನೆಯ ಭಾಗ 6,000 ರೂಪಾಯಿ ಅಂತ ಇಟ್ಟುಕೊಳ್ಳಿ. ಬೋನಸ್ಸಿದ್ದಿದ್ದರೆ ನಾನು ಕಟ್ಟಬೇಕಾದದ್ದು 3,000. ನಾಲ್ಕು ತಿಂಗಳ ಉಳಿತಾಯಕ್ಕೆ ಅಷ್ಟೂ ಕೈಬಿಟ್ಟಿತು!

3. ತಪ್ಪಿಸಿ ಮತ್ತೆ ಕಟ್ಟುವಾಗ ಕಾರನ್ನು ಪರೀಕ್ಷೆ ಮಾಡುತ್ತಾರೆ. ನಮ್ಮದನ್ನೂ ಸುತ್ತಲೂ ಫೋಟೋ ತೆಗೆದು ಕಳಿಸಬೇಕಾಯಿತು.

4. ಕಾರಿಗೆ ವಯಸ್ಸಾಗಿ ಬೆಲೆ ತೀರ ಇಳಿದಿದ್ದರೆ ಎರಡನೆಯ ಭಾಗ ಬಿಡಬಹುದು. ಮೊದಲನೆಯದನ್ನು ಮಾತ್ರ ಬಿಡಬೇಡಿ.

5. ಗೇಟಿನೊಳಗೆ ಜಾಗವಿಲ್ಲದೆ ರಸ್ತೆ ಬದಿಯಲ್ಲಿ ನಿಲ್ಲಿಸುವವರು ‘ನಮ್ಮದು ಓಡೋದೇ ಇಲ್ಲ’ ಅನ್ನಬೇಡಿ. ಅಪಘಾತವಾಗಿ ಮಗುಚಿ ಬಿದ್ದಿದ್ದ ಟ್ಯಾಂಕರಿನ ಪ್ರಕರಣವೊಂದರಲ್ಲಿ, ನಿಂತಿರುವುದೂ ಗಾಡಿಯ ಬಳಕೆಯೇ ಎಂದು 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇಷ್ಟೆಲ್ಲ ಓದಿ, ‘ಕಾರನ್ನೇ ಮಾರಿಬಿಡಬಹುದಲ್ಲ’ ಅಂತ ನೀವು ಕೇಳಬಹುದು. ನಾನೂ ಯೋಚಿಸಿದೆ. ಆದರೆ ಆ ಮಳೆಯ ರಾತ್ರಿ ಅದು ಇರದಿದ್ದರೆ ಆ ಹುಡುಗಿಯ ಗತಿಯೇನಾಗುತ್ತಿತ್ತು? ಓಡದ ಕಾರು ಓಡುವುದು ಇಂಥ ಹೊತ್ತಿನಲ್ಲೇ. ಆಗ ಕಾಗದಪತ್ರ ಹುಡುಕುತ್ತಾ ಕೂರಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಈಗ ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ವಿಮೆಯ ತಾರೀಖನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇನೆ. ಹಾಲಿನವರು ಕೈ ವಾಸಿಯಾಗಿ ಮತ್ತೆ ಬರುತ್ತಿದ್ದಾರೆ. ಮೊನ್ನೆ ಬಾಗಿಲಲ್ಲಿ ನಿಂತು, “ಅಕ್ಕಾ, ಇನ್ಷೂರೆನ್ಸ್ ಕಟ್ಟಿದಿರಾ?” ಅಂತ ನಗುತ್ತಾ ಕೇಳಿದರು. “ಕಟ್ಟಿದೆ ಕಣಪ್ಪಾ” ಅಂದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರಲ್ಲ, ನನ್ನದು ಸ್ವಲ್ಪದರಲ್ಲೇ ಉಳಿಯಿತು.

ನಿಮ್ಮ ಮನೆಯ ಗಾಡಿಯ ಕಾಗದ ಎಲ್ಲಿದೆ? ಈ ಪುಟ ಮುಗಿಸಿ ಏಳುವಾಗ ಅದರ ತಾರೀಖನ್ನೊಮ್ಮೆ ನೋಡಿಬಿಡಿ.