ಒಂದೆಲಗವೂ ಇರಲಿ, ಗುಳಿಗೆಯೂ ಇರಲಿ

ಚೀನಾದ ಮೂಲಿಕೆಯೊಂದು ರಕ್ತನಾಳದ ಜೀವಕೋಶಗಳನ್ನು ಕಾಪಾಡಬಲ್ಲದೆಂಬ ಸುದ್ದಿ ಆಗಾಗ ಕಿವಿಗೆ ಬೀಳುತ್ತದೆ. ದಾನ್‌ಶೆನ್ ಎಂಬ ಕೆಂಪು ಬೇರಿನ ಗಿಡ ಇವುಗಳಲ್ಲಿ ಹೆಸರಾದದ್ದು. ಚೀನಾದ ಅಧಿಕೃತ ಔಷಧ ಗ್ರಂಥದಲ್ಲಿ ಸ್ಥಾನ ಪಡೆದಿರುವ ಇನ್ನೊಂದು ಮೂಲಿಕೆ ಹೊಳಲಿನ ಸುತ್ತಲ ನಾಲೆ ಬಯಲಿನಲ್ಲಿ, ನಮ್ಮ ಕಾಲುವೆ ಬದುಗಳಲ್ಲೇ ಹಬ್ಬುತ್ತದೆ. ಅದೇ ಒಂದೆಲಗ. ಅದನ್ನು ಚಟ್ನಿಗೆ ಕೀಳುತ್ತೇವೆ, ಕಳೆಯೆಂದು ಕೊಲ್ಲುತ್ತಲೂ ಇದ್ದೇವೆ.

ರಕ್ತನಾಳದ ಒಳಮೈಗೆ ಒಂದೇ ಪದರದ ಜೀವಕೋಶಗಳ ಹೊದಿಕೆಯಿದೆ. ನಾಳ ಹಿಗ್ಗಲು ಬೇಕಾದ ನೈಟ್ರಿಕ್ ಆಕ್ಸೈಡನ್ನು ಕೊಡುವುದು, ರಕ್ತ ಒಳಗೇ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು ಅದರ ಕೆಲಸ. ಬೀಡಿಯ ಹೊಗೆ, ಸಕ್ಕರೆ ಕಾಯಿಲೆ, ಏರಿದ ರಕ್ತದೊತ್ತಡ ಇವು ಅದನ್ನು ಹಾಳುಮಾಡುತ್ತವೆ. ಒಂದೆಲಗದ ಏಷಿಯಾಟಿಕೋಸೈಡ್ ಎಂಬ ಅಂಶ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಇಂಥ ಕೋಶಗಳಿಗೆ ತಗಲುವ ಹಾನಿಯನ್ನು ತಗ್ಗಿಸಿದ್ದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ. ಯೂರೋಪಿನಲ್ಲಿ ಇದರ ಸಾರವನ್ನು ಕಾಲಿನ ರಕ್ತನಾಳ ದುರ್ಬಲವಾಗಿ ಬಾವು ಬರುವವರಿಗೂ ಕೊಟ್ಟು ನೋಡಿದ್ದಾರೆ. ಸ್ವಲ್ಪ ಗುಣ ಕಂಡಿದೆಯಾದರೂ ಆ ಪರೀಕ್ಷೆಗಳು ಚಿಕ್ಕವು.

ಗಾಜಿನ ತಟ್ಟೆಯೇ ಬೇರೆ, ಮನುಷ್ಯನ ಮೈಯೇ ಬೇರೆ. ಪಾತಿಯಲ್ಲಿ ಚಿಗುರಿದ ಸಸಿಯೆಲ್ಲ ತೋಟದಲ್ಲಿ ಫಲ ಕೊಡುವುದಿಲ್ಲವೆಂದು ಬೆಳೆಗಾರರಿಗೆ ಹೇಳಬೇಕಾಗಿಲ್ಲ. ನಮ್ಮ ದೇಶದ ಸರ್ಪಗಂಧಿ ಈ ದಾರಿಯನ್ನು ಪೂರ್ತಿ ನಡೆದ ಮೂಲಿಕೆ. ಅದರ ಬೇರನ್ನು ರೋಗಿಗಳಿಗೆ ಕೊಟ್ಟು ರಕ್ತದೊತ್ತಡ ಇಳಿದದ್ದನ್ನು ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರು 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅದರಿಂದ ರಿಸರ್ಪಿನ್ ಬೇರ್ಪಟ್ಟಿತು. ಕೊಡಬೇಕಾದ ಪ್ರಮಾಣವೂ, ಮನಸ್ಸು ಕುಗ್ಗಿಸುವಂಥ ಅಡ್ಡ ಪರಿಣಾಮವೂ ತಿಳಿದದ್ದು ರೋಗಿಗಳನ್ನು ಹೀಗೆ ನೋಡಿದ್ದರಿಂದಲೇ. ಒಂದೆಲಗ ಇನ್ನೂ ಅಷ್ಟು ದೂರ ಬಂದಿಲ್ಲ.

ಆದ್ದರಿಂದ ನಮ್ಮ ಅಭಿಪ್ರಾಯವಿಷ್ಟು: ರಕ್ತದೊತ್ತಡದ ಗುಳಿಗೆ ನಿಲ್ಲಿಸಿ ಸೊಪ್ಪಿನ ರಸ ಕುಡಿಯುವುದು ಸಲ್ಲದು. ಒತ್ತಡ ಏರಿದ್ದು ಸಾಮಾನ್ಯವಾಗಿ ನೋವಾಗಿ ತಿಳಿಯುವುದಿಲ್ಲ. ಲಕ್ವ ಹೊಡೆದ ಮೇಲೆ ತಿಳಿದು ಫಲವೇನು? ರಕ್ತ ತೆಳುಮಾಡುವ ವಾರ್ಫರಿನ್ ನುಂಗುವವರಂತೂ ದಾನ್‌ಶೆನ್ ಮುಟ್ಟಬಾರದು, ರಕ್ತಸ್ರಾವದ ಅಪಾಯವಿದೆ. ಡಬ್ಬಿಯಲ್ಲಿ ಬರುವ ಯಾವುದೇ ಮೂಲಿಕೆಯನ್ನು ವೈದ್ಯರಿಗೆ ತಿಳಿಸಿಯೇ ಬಳಸಬೇಕು.

ಹಾಗೆಂದು ಒಂದೆಲಗವನ್ನು ಕಳೆನಾಶಕ ಹೊಡೆದು ನಿರ್ಮೂಲ ಮಾಡುವುದೂ ತರವಲ್ಲ. ನಾಳೆ ಪರೀಕ್ಷೆಯಲ್ಲಿ ಗೆದ್ದರೆ ಗಿಡವೇ ಇಲ್ಲದಂತಾಗಬಾರದು. ತೋಟದ ಒಂದು ಬದುವನ್ನಾದರೂ ಬಿಟ್ಟುಕೊಳ್ಳೋಣ. ಔಷಧಿ ಬಿದ್ದ ಜಾಗದ ಸೊಪ್ಪು, ಚರಂಡಿ ನೀರಿನ ಸೊಪ್ಪು ಅಡುಗೆಮನೆಗೆ ಬೇಡ. ಮಲೆನಾಡಿನ ಕಾಫಿ ಬೆಳೆಗಾರ ಬಂಧುಗಳಿಗೂ ಈ ಮಾತು ಸಲ್ಲುತ್ತದೆ. ಚಟ್ನಿ ಊಟಕ್ಕೆ, ಗುಳಿಗೆ ಕಾಯಿಲೆಗೆ. ಒಂದರ ಕೆಲಸವನ್ನು ಇನ್ನೊಂದಕ್ಕೆ ಹೊರಿಸುವುದು ಬೇಡ.