ಗೃಹಸ್ಥರ ಸಂಚಾರ: ಸಣ್ಣ ಕಾರಿನ ಹಿಂದೆ ಬಿಡಾರದ ಗಾಡಿ

ಇಂಗ್ಲೆಂಡಿನಲ್ಲಿ ಬೇಸಗೆ ಬಂದಿತೆಂದರೆ ಅನೇಕ ಸಂಸಾರಗಳು ತಮ್ಮ ಕಾರುಗಳ ಹಿಂದೆ ಪುಟ್ಟ ಮನೆಯೊಂದನ್ನು ಕಟ್ಟಿಕೊಂಡು ಕಡಲ ತೀರಕ್ಕೋ ಬೆಟ್ಟದ ಬುಡಕ್ಕೋ ಹೊರಡುವುದುಂಟು. ಈ ಗಾಲಿಯ ಮನೆಗೆ ಅಲ್ಲಿಯವರು ಕ್ಯಾರವಾನ್ ಎನ್ನುವರು. ನೌಕಾದಳದಿಂದ ನಿವೃತ್ತರಾದ ವೈದ್ಯ ಗಾರ್ಡನ್ ಸ್ಟೇಬಲ್ಸ್ ಎಂಬವರು 1885ರಲ್ಲಿ ‘ವಾಂಡರರ್’ ಎಂಬ ಬಂಡಿಯನ್ನು ಮಾಡಿಸಿ, ಎರಡು ಕುದುರೆಗಳನ್ನು ಹೂಡಿ, ಕೇವಲ ವಿಹಾರಾರ್ಥವಾಗಿ ಸ್ಕಾಟ್ಲೆಂಡಿನವರೆಗೆ ಪಯಣಿಸಿದರು. 1907ರಲ್ಲಿ ಇಂತಹ ಸಂಚಾರಪ್ರಿಯರ ಸಂಘವೊಂದು ಹುಟ್ಟಿತು. 1919ರಲ್ಲಿ ಬರ್ಮಿಂಗ್‌ಹ್ಯಾಮಿನ ಎಕಲ್ಸ್ ಕಾರ್ಖಾನೆಯವರು ಕಾರಿನಿಂದ ಎಳೆಯತಕ್ಕ ಕ್ಯಾರವಾನನ್ನು ಮಾರಾಟಕ್ಕೆ ತಂದರು. ಈಗ ಸಣ್ಣ ಕಾರುಗಳೂ ಎಳೆಯಬಲ್ಲ ಹಗುರ ಗಾಡಿಗಳು ಬಂದಿವೆ. ಅಲ್ಲಿ ನೆಲೆಸಿರುವ ಕನ್ನಡಿಗರಲ್ಲಿಯೂ ಈ ವಿಹಾರಕ್ಕೆ ಮನಸ್ಸು ಮಾಡುವವರು ಇರಬಹುದಾದ್ದರಿಂದ, ಅವರಿಗೂ ಅವರ ಮನೆಗೆ ಹೋಗಿ ಬರುವ ನಮಗೂ ಇದರ ಮರ್ಮವು ತಿಳಿದಿರುವುದು ಯುಕ್ತ.

ಮೊದಲನೆಯ ಮಾತು ತೂಕದ್ದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಕಾರಿನ ಮೇಲೆ ತಯಾರಕರು ಬಡಿದಿರುವ ಫಲಕದಲ್ಲಿ, ಕಾರು ಮತ್ತು ಹಿಂಗಾಡಿ ಎರಡೂ ಸೇರಿ ಎಷ್ಟು ತೂಗಬಹುದೆಂಬ ಅಂಕಿ ಇರುತ್ತದೆ. ಆ ಅಂಕಿ ಇಲ್ಲವಾದರೆ, ಅಥವಾ ಸೊನ್ನೆಯೆಂದಿದ್ದರೆ, ಆ ಕಾರಿನಿಂದ ಏನನ್ನೂ ಎಳೆಯಕೂಡದು. ಅಂಕಿ ಇದ್ದರೂ, ಹೊಸಬರು ತುಂಬಿದ ಹಿಂಗಾಡಿಯ ತೂಕವನ್ನು ಬರಿಯ ಕಾರಿನ ತೂಕದ ನೂರಕ್ಕೆ 85 ಪಾಲಿನೊಳಗೆ ಇಟ್ಟುಕೊಳ್ಳಬೇಕೆಂದು ಬಲ್ಲವರು ಹೇಳುತ್ತಾರೆ. ತನ್ನದೇ ಬ್ರೇಕು ಇಲ್ಲದ ಹಿಂಗಾಡಿಗೆ ಬ್ರಿಟನ್ನಿನ ಕಾನೂನು ಇನ್ನೂ ಬಿಗಿ: 750 ಕಿಲೋಗ್ರಾಂ, ಇಲ್ಲವೆ ಕಾರಿನ ತೂಕದ ಅರ್ಧ, ಇವೆರಡರಲ್ಲಿ ಯಾವುದು ಕಡಮೆಯೋ ಅದೇ ಮಿತಿ. ಒಬ್ಬ ಗೃಹಸ್ಥರ ಕಾರು 1000 ಕಿಲೋಗ್ರಾಂ, ತುಂಬಿದ ಗಾಡಿ 600 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. 85ರ ಲೆಕ್ಕದಲ್ಲಿ ಇದು ಸರಿಹೋಯಿತು. ಆದರೆ ಅರ್ಧವಾದ 500ನ್ನು ಮೀರಿತಾದ್ದರಿಂದ ಬ್ರೇಕು ಇರುವ ಗಾಡಿಯೇ ಬೇಕಾಯಿತು.

ಎರಡನೆಯ ಮಾತು ಹೇರುವ ಕ್ರಮ. ಸರ್ವ ಅನರ್ಥಗಳಿಗೂ ಮೂಲ ಇಲ್ಲಿಯೇ ಇರುವುದರಿಂದ ಇದನ್ನು ತುಸು ಬಿಡಿಸಿ ಹೇಳಬೇಕು. ನಮ್ಮ ಹಳ್ಳಿಯ ಗಾಡಿ ಹೊಡೆಯುವವನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಹಿಂಭಾರವಾದರೆ ಮೂಕಿ ಮೇಲಕ್ಕೆದ್ದು ನೊಗ ಎತ್ತುಗಳ ಕೊರಳನ್ನು ಬಿಗಿಯುತ್ತದೆ. ಮುಂಭಾರವಾದರೆ ಹೆಗಲು ಜಜ್ಜಿಹೋಗುತ್ತದೆ. ಕಾರಿನ ಹಿಂದಣ ಗಾಡಿಗೂ ಇದೇ ಧರ್ಮ. ಅದರ ಮೂತಿಯು ಕಾರಿನ ಕೊಂಡಿಯ ಗುಂಡಿನ ಮೇಲೆ ಒಟ್ಟು ತೂಕದ ನೂರಕ್ಕೆ 5ರಿಂದ 7 ಪಾಲಿನಷ್ಟು ಊರಿರಬೇಕು. ನಮ್ಮ ಉದಾಹರಣೆಯಲ್ಲಿ ಅದು 30ರಿಂದ 42 ಕಿಲೋಗ್ರಾಂ. ಕಾರಿನ ಮತ್ತು ಕೊಂಡಿಯ ತಯಾರಕರು ಗೊತ್ತುಮಾಡಿದ ಮಿತಿಯನ್ನಂತೂ ಮೀರಲಾಗದು. ಮುಂಭಾರ ಹೆಚ್ಚಾದರೆ ಕಾರಿನ ಹಿಂಭಾಗ ಕುಸಿದು ಮುಂಗಾಲಿಗಳ ಹಿಡಿತ ತಪ್ಪುತ್ತದೆ. ಕಡಮೆಯಾದರೆ ಗಾಡಿ ಹಾವಿನಂತೆ ಅತ್ತಿತ್ತ ಹೊರಳತೊಡಗುತ್ತದೆ.

ಮನೆಯಲ್ಲಿ ಮೈತೂಕ ನೋಡುವ ಯಂತ್ರವಿದ್ದರೆ ಇದನ್ನು ಅಳೆಯಬಹುದು. ಸಮನೆಲದಲ್ಲಿ, ಗಾಲಿಗಳಿಗೆ ತಡೆಗಟ್ಟಿ, ಗಾಡಿಯ ಮೂತಿಯು ಕಾರಿನ ಕೊಂಡಿಯಷ್ಟೇ ಎತ್ತರದಲ್ಲಿ ನಿಲ್ಲುವಂತೆ ಮರದ ತುಂಡೊಂದನ್ನು ಯಂತ್ರದ ಮೇಲಿಟ್ಟು ಅದರ ಮೇಲೆ ಊರಿಸಬೇಕು. ಬಂದ ಅಂಕಿಯಿಂದ ಮರದ ತೂಕವನ್ನು ಕಳೆದರಾಯಿತು. ಅಚ್ಚಿನಿಂದ ಕೊಂಡಿಗೆ 3 ಮೀಟರು ದೂರವಿದೆಯೆನ್ನಿ. ಅಚ್ಚಿನ ನೇರಕ್ಕಿದ್ದ 20 ಕಿಲೋಗ್ರಾಂ ತೂಕದ ನೀರಿನ ಡಬ್ಬಿಯನ್ನು ಮಕ್ಕಳು ಒಂದೂವರೆ ಮೀಟರು ಹಿಂದಕ್ಕೆ ಸರಿಸಿದರೆ ಮೂತಿಯ ಭಾರ 10 ಕಿಲೋಗ್ರಾಂ ಇಳಿಯುತ್ತದೆ. 36 ಇದ್ದದ್ದು 26 ಆಗಿ ಮಿತಿಗಿಂತ ಕೆಳಗೆ ಹೋಯಿತು! ಆದಕಾರಣ ಭಾರದ ವಸ್ತುಗಳನ್ನು ಅಚ್ಚಿನ ಹತ್ತಿರ ನೆಲಕ್ಕೆ ತಾಗಿದಂತೆ ಇಟ್ಟು ಕಟ್ಟತಕ್ಕದ್ದು. ಹಾಸಿಗೆ ಬಟ್ಟೆಗಳಂತಹ ಹಗುರ ಸಾಮಾನು ಮೇಲಿನ ಗೂಡುಗಳಲ್ಲಿರಲಿ.

ಇನ್ನು ಮಾರ್ಗದ ವಿಚಾರ. ಕಾರು ನಿಧಾನಿಸಿದಾಗ ಹಿಂಗಾಡಿ ಮುಂದಕ್ಕೆ ತಳ್ಳುವ ಬಲದಿಂದಲೇ ಅದರ ಬ್ರೇಕು ಹಿಡಿಯುವಂತೆ ಸಾಮಾನ್ಯವಾಗಿ ರಚಿಸಿರುತ್ತಾರೆ. ಹೀಗಿದ್ದರೂ ನಿಲ್ಲಲು ಹೆಚ್ಚು ದೂರ ಬೇಕು. ಮುಂದಿನ ವಾಹನದಿಂದ ಎಂದಿಗಿಂತಲೂ ದೂರವಿರಬೇಕು. ಬ್ರಿಟನ್ನಿನಲ್ಲಿ ಗಾಡಿ ಎಳೆಯುವ ಕಾರಿಗೆ ಸಾಧಾರಣ ರಸ್ತೆಯಲ್ಲಿ ಗಂಟೆಗೆ 50 ಮೈಲಿ, ಇಬ್ಭಾಗದ ಹೆದ್ದಾರಿ ಮತ್ತು ಮೋಟಾರುಮಾರ್ಗಗಳಲ್ಲಿ 60 ಮೈಲಿ ಪರಮಾವಧಿ. ಇಳಿಜಾರು ಬರುವ ಮೊದಲೇ ಕೆಳಗಿನ ಗೇರಿಗೆ ಬರುವುದು ಲೇಸು. ಸಾಮರ್ಸೆಟ್ಟಿನ ಪೋರ್ಲಾಕ್ ಏರಿನಲ್ಲಿ ನಾಲ್ಕಡಿಗೆ ಒಂದಡಿ ಏರಿಕೆಯಿದೆ. ಇಂತಹ ದಾರಿಯನ್ನು ಬಿಟ್ಟು ಬಳಸಿ ಹೋಗುವುದು ಹೇಡಿತನವಲ್ಲ, ವಿವೇಕ.

ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದಾಗಲೋ, ಅಡ್ಡಗಾಳಿ ಬೀಸಿದಾಗಲೋ ಗಾಡಿ ತೂಗಾಡಬಹುದು. ವೇಗವು ಒಂದು ಮಿತಿಯೊಳಗಿದ್ದರೆ ತೂಗಾಟ ತಾನಾಗಿ ಅಡಗುತ್ತದೆ. ಮೀರಿದ್ದರೆ ಒಂದೊಂದು ತೂಗೂ ಹಿಂದಿನದಕ್ಕಿಂತ ದೊಡ್ಡದಾಗಿ, ಕೊನೆಗೆ ಗಾಡಿಯು ಕಾರನ್ನೂ ಕೆಡವಬಲ್ಲುದು. ಆಗ ವೇಗ ಹೆಚ್ಚಿಸಿ ಎಳೆದು ನೆಟ್ಟಗಾಗಿಸುವ ಯತ್ನ ಬೇಡ. ಬ್ರೇಕನ್ನು ಥಟ್ಟನೆ ತುಳಿಯುವುದೂ ಬೇಡ. ಚಕ್ರವನ್ನು ಅತ್ತಿತ್ತ ತಿರುಗಿಸುವುದಂತೂ ಸಲ್ಲದು. ಚಕ್ರವನ್ನು ನೇರವಾಗಿ ಹಿಡಿದು, ವೇಗದ ಪೆಡಲಿನಿಂದ ಪಾದವನ್ನು ಮೆಲ್ಲಗೆ ಎತ್ತಿ, ಗಾಡಿ ತಾನಾಗಿ ಶಾಂತವಾಗುವವರೆಗೆ ತಾಳ್ಮೆಯಿಂದಿರತಕ್ಕದ್ದು. ಆಮೇಲೆ ತಕ್ಕ ಸ್ಥಳದಲ್ಲಿ ನಿಲ್ಲಿಸಿ ಸಾಮಾನುಗಳನ್ನು ಹೊಂದಿಸಿಕೊಂಡೇ ಮುಂದೆ ಹೋಗಬೇಕು.

ಹೊರಡುವ ಮುನ್ನ ಗೃಹಿಣಿಯರೂ ಮಕ್ಕಳೂ ಕೂಡಿ ನೋಡಬಹುದಾದ ಕೆಲಸಗಳಿವೆ. ಕೊಂಡಿ ಗುಂಡಿನ ಮೇಲೆ ಭದ್ರವಾಗಿ ಕೂತಿದೆಯೆ? ಕಳಚಿಕೊಂಡರೆ ಹಿಂಗಾಡಿಯ ಬ್ರೇಕನ್ನು ಎಳೆದು ಹಿಡಿಸುವ ತಂತಿ, ಬ್ರೇಕಿಲ್ಲದ ಗಾಡಿಗಾದರೆ ಕಾವಲು ಸರಪಳಿ, ಸಿಕ್ಕಿಸಿದೆಯೆ? ದೀಪಗಳೆಲ್ಲ ಉರಿಯುವುವೆ? ಗಾಲಿಯ ನಟ್ಟುಗಳು ಬಿಗಿಯಾಗಿವೆಯೆ? ಟೈರಿನಲ್ಲಿ ಗಾಳಿ ಸರಿಯಾಗಿದೆಯೆ, ವರ್ಷಗಟ್ಟಲೆ ನಿಂತು ಬಿರುಕು ಬಿಟ್ಟಿಲ್ಲವಷ್ಟೆ? ಗಾಡಿ ಕಾರಿಗಿಂತ ಅಗಲವಾಗಿದ್ದರೆ ಹಿಂದಣ ದಾರಿ ಕಾಣುವಂತೆ ನೀಳವಾದ ಕನ್ನಡಿಗಳಿವೆಯೆ? ಅಡುಗೆಯ ಅನಿಲದ ಸಿಲಿಂಡರನ್ನು ಮುಚ್ಚಿದೆಯೆ? ಗಾಡಿ ಚಲಿಸುವಾಗ ಅದರೊಳಗೆ ಯಾರೂ ಕೂಡತಕ್ಕದ್ದಲ್ಲ. ಮಗು ಮಲಗಿದೆಯೆಂಬ ನೆಪವೂ ಸಲ್ಲದು.

ಹಿಂದಕ್ಕೆ ನಡೆಸುವುದನ್ನು ಬಯಲಿನಲ್ಲಿ ಮೊದಲೇ ಅಭ್ಯಾಸ ಮಾಡುವುದೊಳ್ಳೆಯದು. ಗಾಡಿಯ ಬಾಲ ಎಡಕ್ಕೆ ಹೋಗಬೇಕಾದರೆ ಚಕ್ರವನ್ನು ಮೊದಲು ಬಲಕ್ಕೆ ತಿರುಗಿಸಬೇಕಾಗುತ್ತದೆ. ಇಷ್ಟನ್ನು ಸಾಧಿಸಿಕೊಂಡ ಸಂಸಾರವು ಸಣ್ಣ ಕಾರಿನಲ್ಲಿಯೂ ನಿಶ್ಚಿಂತೆಯಿಂದ ದೇಶ ಸುತ್ತಬಹುದು. ಒಂದು ಗಂಟೆ ತಡವಾಗಿ ತಲುಪಿದರೆ ನಷ್ಟವಿಲ್ಲ. ಹೊರಟವರೆಲ್ಲ ಕ್ಷೇಮವಾಗಿ ತಲುಪುವುದೇ ಸಂಚಾರದ ಸಾರ್ಥಕತೆ.