ಅಂಗಿ ಬಿಚ್ಚಿದವನ ತಪ್ಪೇ?

ಸಾವು ತಡೆಯುವ ಅಂಗಿ ಒಂದಿದೆ ಗೆಳೆಯರೇ. ಹೆಸರು ಲೈಫ್‌ವೆಸ್ಟ್. ಅಮೆರಿಕದ ಸರ್ಕಾರ ಅದಕ್ಕೆ ಒಪ್ಪಿಗೆ ಕೊಟ್ಟದ್ದು 2001ರಲ್ಲಿ. ಬರಿಮೈಗೆ ಅಂಟಿಕೊಂಡು ಹಗಲೂ ರಾತ್ರಿ ಗುಂಡಿಗೆಯ ಬಡಿತ ಕೇಳುತ್ತಿರುತ್ತದೆ. ಬಡಿತ ಕೆಟ್ಟು ಗುಂಡಿಗೆ ಬರೀ ನಡುಗತೊಡಗಿದರೆ ಸೊಂಟದ ಪೆಟ್ಟಿಗೆ ಕೂಗುತ್ತದೆ. ಎಚ್ಚರವಿದ್ದವನು ಬಟನ್ ಒತ್ತಿ ತಡೆಯಬೇಕು. ಒತ್ತದಿದ್ದರೆ ಪ್ರಜ್ಞೆ ಹೋಗಿದೆಯೆಂದು ತಿಳಿದು ಕರೆಂಟು ಹೊಡೆಯುತ್ತದೆ, ಬಡಿತವನ್ನು ದಾರಿಗೆ ತರಲು.

ಹಾರ್ಟ್ ಅಟ್ಯಾಕ್ ಆಗಿ ಗುಂಡಿಗೆಯ ಪಂಪಿನ ಶಕ್ತಿ ಶೇ. 35ಕ್ಕೋ ಅದಕ್ಕೂ ಕೆಳಕ್ಕೋ ಇಳಿದವರಿಗೆ ಇದನ್ನು ಕೊಡುತ್ತಾರೆ. ಎದೆಯೊಳಗೇ ಇಡುವ ಯಂತ್ರವನ್ನು ಮೊದಲ 40 ದಿನ ಸಾಮಾನ್ಯವಾಗಿ ಹಾಕುವುದಿಲ್ಲ. ಆ ನಡುವಿನ ದಿನಗಳಿಗೆ ಈ ಅಂಗಿ. ಬಾಡಿಗೆ ತಿಂಗಳಿಗೆ ಸಾವಿರಾರು ಡಾಲರು.

ಯಂತ್ರವನ್ನು ನಾವು ಬೈಯುತ್ತಿಲ್ಲ. ನಮ್ಮ ಜಗಳ ಇರುವುದು ಒಂದು ಮಾತಿನ ಮೇಲೆ.

2018ರಲ್ಲಿ ಈ ಅಂಗಿಯ ದೊಡ್ಡ ಪರೀಕ್ಷೆಯ ಫಲಿತಾಂಶ ಹೊರಬಿತ್ತು. 2302 ರೋಗಿಗಳು, 1524 ಜನಕ್ಕೆ ಅಂಗಿ, 778 ಜನಕ್ಕೆ ಬರೀ ಔಷಧಿ. 90 ದಿನದಲ್ಲಿ ಬಡಿತ ಕೆಟ್ಟು ಸತ್ತವರು ಅಂಗಿಯವರಲ್ಲಿ ಶೇ. 1.6, ಉಳಿದವರಲ್ಲಿ ಶೇ. 2.4. ಈ ಅಂತರ ಆಕಸ್ಮಿಕವೂ ಇರಬಹುದು, ಸಾಬೀತಾಗಲಿಲ್ಲ ಎಂದರು. ಆದರೆ ಅದೇ ವರದಿಯೊಳಗೆ ಇನ್ನೊಂದು ಲೆಕ್ಕವಿದೆ. ಅಂಗಿಯ ಗುಂಪಿನಲ್ಲಿ ಸತ್ತವರು 48 ಜನ. ಸಾಯುವ ಹೊತ್ತಿನಲ್ಲಿ ಅಂಗಿ ಮೈಮೇಲಿದ್ದದ್ದು 12 ಜನಕ್ಕೆ ಮಾತ್ರ.

ಹಾಕಿಕೊಂಡವರನ್ನಷ್ಟೇ ಹಿಡಿದರೆ ಅಂಗಿ ಜೀವ ಉಳಿಸುತ್ತದೆ ಅಂತ 2020ರಲ್ಲಿ ಮರುಲೆಕ್ಕವೂ ಬಂತು. ಅಂದರೆ ಅಂಗಿಯದ್ದು ತಪ್ಪಿಲ್ಲ, ಬಿಚ್ಚಿದವನದು! ಡಾಕ್ಟರರ ಭಾಷೆಯಲ್ಲಿ ಇದು 'ಕಂಪ್ಲಯನ್ಸ್'. ನಮ್ಮ ಕೇರಿಗೆ ಈ ಮಾತು ಹೊಸದಲ್ಲ, 'ಹೇಳಿದ್ದು ಕೇಳೋದು' ಅಂತ. ಮಗು ಸ್ಕೂಲು ಬಿಟ್ಟರೆ ಅಪ್ಪನ ತಪ್ಪು, ಬಾಣಂತಿ ಸತ್ತರೆ ತಡವಾಗಿ ಬಂದವಳ ತಪ್ಪು. ಇವರು ಹಂಗೇ ಬಿಡ್ರಿ, ಹೇಳಿದ್ದು ಕೇಳಲ್ಲ!

ಯಾಕೆ ಬಿಚ್ಚುತ್ತಾರೆ? ಸೆಕೆ, ತುರಿಕೆ, ಮಗ್ಗುಲಾದರೆ ಒತ್ತುವ ಪೆಟ್ಟಿಗೆ, ಸುಮ್ಮಸುಮ್ಮನೆ ನಡುರಾತ್ರಿ ಕೂಗುವ ಅಲಾರಂ. ದಿನಾ ಬ್ಯಾಟರಿ ಬದಲಿಸಬೇಕು, ಇನ್ನೊಂದು ಚಾರ್ಜಿಗಿರಬೇಕು. ಅಮೆರಿಕ, ಜರ್ಮನಿಯಂಥ ದೇಶಗಳಲ್ಲೇ ಈ ಪಾಡು. ಸ್ನಾನಕ್ಕೆ ಮಾತ್ರ ಬಿಚ್ಚಬಹುದಂತೆ. ಊರ ಚರಂಡಿ ಬಳಿಯುವವನು ದಿನಕ್ಕೆ ಎಷ್ಟು ಸಲ ಮೈ ತೊಳೀಬೇಕು ಗೊತ್ತೇನು ಸ್ವಾಮಿ? ಒಂದೇ ಕೋಣೆಯಲ್ಲಿ ಆರು ಜನ ಮಲಗುವ ಮನೆ, ಇರೋದೊಂದು ಪ್ಲಗ್ಗು, ಅದೂ ಕರೆಂಟು ಇದ್ದಾಗ. ಈ ಅಂಗಿ ಹೊಲಿದವರ ಕಣ್ಣಮುಂದೆ ಅವನ ಮೈ ಇತ್ತೆ?

ನಮ್ಮಲ್ಲಿ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ಶುರುವಾಯಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ, ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನು ಪುಕ್ಕಟೆ. ಒಳ್ಳೇದು, ಇದು ನಮ್ಮ ಹಕ್ಕು. ಆದರೆ ಇಂಜೆಕ್ಷನ್ನಿನಿಂದ ಬದುಕಿದವನು ಅರ್ಧ ಗುಂಡಿಗೆ ಹೊತ್ತು ಮನೆಗೆ ಬರುತ್ತಾನೆ. ಆ 40 ದಿನ? ಅಂಗಿ ಹಾಗಿರಲಿ, ಮೂರನೇ ದಿನಕ್ಕೆ ಕೂಲಿಗೆ ಹೋಗದಿದ್ದರೆ ಒಲೆ ಹೊತ್ತೋದಿಲ್ಲ. ಆಗಲೂ ಅಂತಾರೆ: ರೆಸ್ಟು ತಗೋ ಅಂದಿದ್ವಿ, ಕೇಳಲಿಲ್ಲ.

ಡಿಸ್ಚಾರ್ಜ್ ಚೀಟಿಯಲ್ಲಿ ವಿಶ್ರಾಂತಿ ಎಂದು ಬರೆದುಕೊಡುತ್ತೀರಲ್ಲ, ಆ ದಿನಗಳ ಕೂಲಿ ಯಾರು ಕೊಡಬೇಕು ಅನ್ನೋದನ್ನೂ ಅದರ ಕೆಳಗೇ ಬರೀರಿ.